ಕಲರ್ ಶಫೀಕನ ಹಸಿರು

ಬಂದ್ಯೋಡಿನಲ್ಲಿ ನನಗೆ ಗೊತ್ತಿರುವಂತೆ ಮೂವರು ಶಫೀಕರಿದ್ದಾರೆ. ಒಬ್ಬ ಮೀನಿನ ಲಾರಿಯವನು, ಒಬ್ಬ ಔಷಧದ ಅಂಗಡಿಯವನು, ಮೂರನೆಯವನು ಕಲರ್ ಶಫೀಕ್. ಮೂವರೂ ನನ್ನ ವಿದ್ಯಾರ್ಥಿಗಳೇ. ಮೊದಲಿಬ್ಬರ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇಲ್ಲ. ಶಾಲೆಯಲ್ಲೂ ನೆಟ್ಟಗಿದ್ದರು, ಈಗಲೂ ನೆಟ್ಟಗಿದ್ದಾರೆ. ಮೂರನೆಯವನ ಬಗ್ಗೆ ಬರೆಯುತ್ತೇನೆ ಎಂದಾಗ ಅವನು ಒಂದೇ ಶರತ್ತು ಹಾಕಿದ.

"ಎಲ್ಲ ಬರೀರಿ ಟೀಚರ್, ಮುಚ್ಚಿಡ್ಲಿಕ್ಕೆ ಈಗ ಎಂತದೂ ಇಲ್ಲ. ಆದ್ರೆ ಅಕ್ಷರ ತಪ್ಪು ಇರ್ಬಾರ್ದು."

ಮೂವತ್ತು ವರ್ಷ ಕೆಂಪು ಪೆನ್ನು ಹಿಡಿದವಳಿಗೆ ಹೇಳುವ ಮಾತೇ ಇದು? ಬೇರೆ ಯಾರಾದರೂ ಹೇಳಿದ್ದರೆ ಅಲ್ಲೇ ಕಿವಿ ಹಿಂಡುತ್ತಿದ್ದೆ. ಶಫೀಕ್ ಹೇಳಿದ್ದಕ್ಕೆ ಮಾತ್ರ ನನಗೆ ಖುಷಿಯಾಯಿತು. ಯಾಕೆಂದು ಮುಂದೆ ತಿಳಿಯುತ್ತದೆ.

ಮುಚ್ಚಿಡಲು ಒಂದು ಕಾಲದಲ್ಲಿ ಇದ್ದದ್ದು ಇಷ್ಟು. ಫೋಟೋದಲ್ಲಿ ಬಣ್ಣ ಇದ್ದ ಹಾಗೆಯೇ ಬರಬೇಕಾದರೆ ನಮ್ಮ ಕಡೆಯವರು ಹೋಗುತ್ತಿದ್ದದ್ದು ಶಫೀಕನ ಮನೆಗೆ. ಆ ಶಫೀಕನಿಗೋ, ಕೆಂಪು ಯಾವುದು ಹಸಿರು ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಹುಟ್ಟಿದಾಗಿನಿಂದಲೂ ಹಾಗೆ. ಹಳದಿ ಗೊತ್ತಾಗುತ್ತದೆ, ನೀಲಿ ಗೊತ್ತಾಗುತ್ತದೆ. ಬಾಳೆ ಎಲೆ ಮತ್ತು ಮಾಡಿನ ಹೆಂಚು ಮಾತ್ರ ಅವನಿಗೆ ಒಂದೇ ತಾಯಿಯ ಮಕ್ಕಳು. ಇದು ಹೊರಗೆ ಬಿದ್ದರೆ ಒಂದು ಫೋಟೋವೂ ತನ್ನ ಬಾಗಿಲಿಗೆ ಬರುವುದಿಲ್ಲ ಎಂಬ ಹೆದರಿಕೆಯಲ್ಲಿ ಅವನು ಒಂಬತ್ತು ವರ್ಷ ಕಳೆದ. ಹೆಂಡತಿ ಶಮೀಮಾಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದು 2011ರಲ್ಲಿ, ಅದೂ ಜಗಳಕ್ಕೆಂದು ಹೋಗಿ.

ನನಗೆ ಅದಕ್ಕಿಂತ ಇಪ್ಪತ್ತೆರಡು ವರ್ಷ ಮೊದಲೇ ಗೊತ್ತಾಗಬೇಕಿತ್ತು. ಆಗ ನಾನು ಕನ್ನಡ ಟೀಚರ್, ಹೆಸರು ಜಲಜಾಕ್ಷಿ. ಡ್ರಾಯಿಂಗಿಗೆ ಪ್ರತ್ಯೇಕ ಮಾಸ್ಟ್ರು ಇಲ್ಲದ ಕಾರಣ ಆ ಪೀರಿಯಡೂ ನನ್ನ ತಲೆಗೇ ಬಂದಿತ್ತು. ಐದನೇ ತರಗತಿಗೆ ಗಿಳಿಯ ಚಿತ್ರ ಬಿಡಿಸಲು ಹೇಳಿದೆ. ಶಫೀಕನ ಗಿಳಿ ನಿಜವಾಗಿ ಚೆನ್ನಾಗಿತ್ತು, ಕೊಕ್ಕಿನ ಬಾಗು, ಕಾಲಿನ ಹಿಡಿತ ಎಲ್ಲ ಸರಿ. ಆದರೆ ಮೈತುಂಬ ಕಂದು ಬಣ್ಣ ಬಳಿದಿದ್ದ. ಬೇಕೆಂದೇ ತಮಾಷೆ ಮಾಡಿದ್ದಾನೆ ಎಂದು ನನಗೆ ಮೂಗಿನ ತುದಿಗೆ ಸಿಟ್ಟು ಬಂತು. ಪುಸ್ತಕವನ್ನು ಎತ್ತಿ ಇಡೀ ಕ್ಲಾಸಿಗೆ ತೋರಿಸಿ, ಇದು ಗಿಳಿಯೋ ಕಾಗೆಯೋ ಎಂದು ಕೇಳಿದೆ. ನಲವತ್ತು ಮಕ್ಕಳು ಕಾಗೆ ಎಂದರು. ಉದ್ದಕ್ಕೂ ಕೆಂಪು ಗೀಟು ಎಳೆದು ಪುಸ್ತಕ ವಾಪಸು ಕೊಟ್ಟೆ. ಆಮೇಲೆ ಏಳನೇ ಕ್ಲಾಸು ದಾಟುವವರೆಗೂ ಅವನ ಹೆಸರು ಕಾಗೆಗಿಳಿ.

ಹತ್ತನೇ ತರಗತಿ ಮುಗಿಸಿ ಅವನು ವಯರಿಂಗ್ ಕೆಲಸ ಕಲಿತ. 2004ರಲ್ಲಿ ಗಲ್ಫಿಗೆ ಹೋಗುವ ತಯಾರಿ ಆಗಿ, ಮೆಡಿಕಲ್ ತಪಾಸಣೆಗೆ ಹೋದಾಗ ಡಾಕ್ಟರು ಚುಕ್ಕಿ ಚುಕ್ಕಿಯ ಪುಸ್ತಕವೊಂದನ್ನು ಮುಂದಿಟ್ಟು, ಚುಕ್ಕಿಗಳ ನಡುವೆ ಯಾವ ಅಂಕೆ ಕಾಣುತ್ತದೆ ಎಂದು ಕೇಳಿದರಂತೆ. ಇವನಿಗೆ ಚುಕ್ಕಿಗಳು ಬಿಟ್ಟರೆ ಅಂಕೆಯೇ ಇಲ್ಲ. ಕೆಂಪು ವಯರು, ಹಸಿರು ವಯರು ಎಂದು ಬೇರೆ ಮಾಡಲಾಗದವನಿಗೆ ಎಲೆಕ್ಟ್ರಿಷಿಯನ್ ಕೆಲಸ ಕೊಡುವುದಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು. ಊರಿಗೆ ಬಂದು ವಿಸಾ ಸರಿಯಾಗಲಿಲ್ಲ ಎಂದ. ತಾಯಿ ಮರಿಯುಮ್ಮ ನಂಬಿದರು. ಹಣ್ಣು ಮೆಣಸು ಕೊಯ್ದು ತಾ ಎಂದರೆ ಬುಟ್ಟಿ ತುಂಬ ಕಾಯಿ ತರುತ್ತಿದ್ದ ಮಗನನ್ನು ಸಾಕಿದವರು ಅವರು. ಆದರೂ ಹುಡುಗನಿಗೆ ಗಮನ ಸಾಲದು ಎಂದಷ್ಟೇ ತಿಳಿದಿದ್ದರು.

ಮರುವರ್ಷ ಪೆರ್ಲದ ಶಮೀಮಾಳೊಂದಿಗೆ ಮದುವೆ. ಅವಳು ಟೈಲರಿಂಗ್ ಕಲಿತವಳು, ಬಂದ ಎರಡನೇ ವಾರದಲ್ಲೇ ಚಾವಡಿಯಲ್ಲಿ ಮಿಷನ್ ಇಟ್ಟಳು. ಒಂದು ದಿನ ಬಟ್ಟೆಯ ತುಂಡು ಕೊಟ್ಟು ಇದೇ ಬಣ್ಣದ ನೂಲು ತನ್ನಿ ಎಂದು ಗಂಡನನ್ನು ಪೇಟೆಗೆ ಕಳಿಸಿದಳು. ಹಸಿರು ಬಟ್ಟೆಗೆ ಅವನು ಕಂದು ನೂಲು ತಂದ. ಬದಲಾಯಿಸಲು ಹೋದವನು ಮೆರೂನ್ ತಂದ. ಶಮೀಮಾ ನಗಲಿಲ್ಲ, ಬೈಯಲೂ ಇಲ್ಲ. ಮರುದಿನದಿಂದ ಬಟ್ಟೆಯ ತುಂಡಿನ ಬದಲು ನೂಲಿನ ನಂಬರು ಬರೆದ ಚೀಟಿ ಕೊಡತೊಡಗಿದಳು. ನೂಲಿನ ಉಂಡೆಯ ತಳದಲ್ಲಿ ಬಣ್ಣಕ್ಕೊಂದು ನಂಬರು ಇರುತ್ತದೆ ಎಂಬುದು ಶಫೀಕನಿಗೆ ಗೊತ್ತಾದದ್ದು ಹಾಗೆ. ಬಣ್ಣಕ್ಕೆ ನಂಬರು ಉಂಟು ಎಂದಾದ ಮೇಲೆ ತನಗೂ ಬಣ್ಣ ಉಂಟು ಎಂದು ಅವತ್ತು ಅನಿಸಿತು ಎಂದು ಅವನು ನನಗೆ ಹೇಳಿದ್ದಾನೆ.

2006ರಲ್ಲಿ ಶಮೀಮಾಳ ಅಣ್ಣ ಅಶ್ಕರ್ ಶಾರ್ಜಾದಿಂದ ಬರುವಾಗ ಒಂದು ಫೋಟೋ ಪ್ರಿಂಟರ್ ತಂದ. ಹಳೆಯ ಕಂಪ್ಯೂಟರ್ ಒಂದು ಮನೆಯಲ್ಲಿ ಮೊದಲೇ ಇತ್ತು. ಸುತ್ತಲಿನ ಮುಸ್ಲಿಂ ಮನೆಗಳಲ್ಲಿ ಮದುವೆಯ ಮುಂಚಿನ ಮದರಂಗಿ ದಿನ, ಅವರ ಮಾತಿನಲ್ಲಿ ಮೈಲಾಂಜಿ, ಹೆಂಗಸರು ತಮ್ಮ ತಮ್ಮೊಳಗೇ ಸಣ್ಣ ಕೆಮರಾದಲ್ಲಿ ರಾಶಿ ಫೋಟೋ ತೆಗೆಯುತ್ತಾರೆ. ತಲೆಯ ಶಾಲು ಜಾರಿದ್ದು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕದ್ದು ಎಲ್ಲ ಅದರಲ್ಲಿರುತ್ತದೆ. ಅದನ್ನು ಪೇಟೆಯ ಸ್ಟುಡಿಯೋಕ್ಕೆ ಕೊಡಲು ಯಾವ ಮನೆಯವರಿಗೂ ಮನಸ್ಸಿಲ್ಲ. ಮದುಮಗಳ ಡ್ರೆಸ್ ಹೊಲಿದವಳು ಶಮೀಮಾ. ಫೋಟೋ ಇರುವ ಕೆಮರಾದ ಕಾರ್ಡನ್ನೂ ಅವಳ ಕೈಗೇ ಕೊಟ್ಟರು.

ಮೊದಲ ಫೋಟೋಗಳನ್ನು ನಾನೂ ನೋಡಿದ್ದೆ. ಕೆಂಪು ಶಾಮಿಯಾನದ ಅಡಿಯಲ್ಲಿ ತೆಗೆದದ್ದು ಕೆಂಪು, ನೀಲಿ ಟರ್ಪಾಲಿನ ಅಡಿಯಲ್ಲಿ ತೆಗೆದದ್ದು ನೀಲಿ. ಮದುಮಗಳಿಗೆ ಒಂದು ಫೋಟೋದಲ್ಲಿ ಜ್ವರ, ಇನ್ನೊಂದರಲ್ಲಿ ಚಳಿ. ಕಂಪ್ಯೂಟರಿನಲ್ಲಿ ಚಂದ ಕಂಡದ್ದು ಕಾಗದಕ್ಕೆ ಬರುವಾಗ ಬೇರೆಯೇ ಆಗುತ್ತಿತ್ತು. ಕಣ್ಣಿದ್ದವರಾದರೆ ಇಷ್ಟು ಕಡಿಮೆ ಮಾಡು, ಅಷ್ಟು ಜಾಸ್ತಿ ಮಾಡು ಎಂದು ಅಂದಾಜಿನಲ್ಲಿ ಎಳೆದಾಡುತ್ತಿದ್ದರು. ಶಫೀಕನಿಗೆ ಅಂದಾಜು ಮಾಡುವ ಭಾಗ್ಯ ಇರಲಿಲ್ಲ. ಅವನು ನಂಬರು ಹುಡುಕಿದ.

ಫೋಟೋದ ಯಾವ ಚುಕ್ಕಿಯ ಮೇಲೆ ಬಾಣದ ಗುರುತು ಇಟ್ಟರೂ ಅಲ್ಲಿ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು ಕಂಪ್ಯೂಟರು ಮೂರು ಅಂಕೆ ಹೇಳುತ್ತದೆ. ಬಿಳಿ ವಸ್ತುವಾದರೆ ಮೂರೂ ಸಮ ಇರಬೇಕು. ಹಾಗಾಗಿ ಅವನು ಪ್ರತಿ ಫೋಟೋದಲ್ಲೂ ಮೊದಲು ಬಿಳಿಯನ್ನು ಹುಡುಕುತ್ತಿದ್ದ. ಗಂಡಸರ ಫೋಟೋದಲ್ಲಿ ಟೊಪ್ಪಿಯೋ ಉಟ್ಟ ಮುಂಡೋ, ಹೆಂಗಸರ ಫೋಟೋದಲ್ಲಿ ಪಿಂಗಾಣಿ ತಟ್ಟೆಯೋ ಸಕ್ಕರೆಯೋ. ಆ ಬಿಳಿಯ ಮೂರು ಅಂಕೆಗಳನ್ನು ಸಮ ಮಾಡಿದರೆ ಉಳಿದ ಬಣ್ಣಗಳು ಬಹುಮಟ್ಟಿಗೆ ತಾವಾಗಿ ಸರಿಹೋಗುತ್ತಿದ್ದವು. ಆಮೇಲೆ ಬೆರಳಗಲದ ಒಂದು ಪಟ್ಟಿಯಷ್ಟೇ ಪ್ರಿಂಟ್ ತೆಗೆದು ಶಮೀಮಾಳ ಕೈಗೆ ಕೊಡುತ್ತಿದ್ದ. ಅವಳು ಅದನ್ನು ಬಾಗಿಲ ಹೊರಗೆ ಹಗಲ ಬೆಳಕಿಗೆ ಹಿಡಿದು, ಆ ಡ್ರೆಸ್ಸಿನಲ್ಲಿ ಉಳಿದ ತುಂಡು ಬಟ್ಟೆ ಮತ್ತು ನೂಲಿನ ಉಂಡೆಯನ್ನು ಅದರ ಮೇಲಿಟ್ಟು ನೋಡುತ್ತಿದ್ದಳು. ನೂಲು ಪಟ್ಟಿಯೊಳಗೆ ಸೇರಿ ಕಾಣದಂತಾದರೆ ಬಣ್ಣ ಸರಿ. ಎದ್ದು ಕಂಡರೆ ಯಾವ ಕಡೆಗೆ ತಪ್ಪಿದೆ ಎಂದು ಹೇಳುತ್ತಿದ್ದಳು, ಅವನು ಅಂಕೆ ಬದಲಿಸುತ್ತಿದ್ದ. ಪ್ರಿಂಟರ್ ಯಾವ ಬಣ್ಣವನ್ನು ಎಷ್ಟು ಹಾಳು ಮಾಡುತ್ತದೆ ಎಂಬುದು ಅವನಿಗೆ ಬಾಯಿಪಾಠವಾಯಿತು. ಗೋಡೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟ ಆ ನಂಬರುಗಳನ್ನು ನೋಡಿ ನಾನು ಯಾರದೋ ಫೋನ್ ನಂಬರ್ ಇರಬೇಕು ಎಂದುಕೊಂಡಿದ್ದೆ.

ಎರಡೇ ವರ್ಷದಲ್ಲಿ ಕಲರ್ ಶಫೀಕ್ ಎಂದು ಹೆಸರಾಯಿತು. ನನಗೆ ಅದು ಕೇಳಿ ಹೆಮ್ಮೆ. ನಾನು ಅವತ್ತು ಗದರಿಸಿದ್ದಕ್ಕೇ ಹುಡುಗ ಸರಿದಾರಿಗೆ ಬಂದ, ಡ್ರಾಯಿಂಗ್ ಕಲಿಸಿದವಳು ನಾನೇ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ. ನೆನೆಸಿಕೊಂಡರೆ ಈಗ ಮೈ ಹಿಡಿಯಾಗುತ್ತದೆ.

2011ರಲ್ಲಿ ನನ್ನ ಮಗಳು ಪೂಜಾಶ್ರೀಯ ಸೀಮಂತ. ಗಂಡನ ಮನೆಯಲ್ಲಿ ಆಗಬೇಕಾದದ್ದು, ಅಲ್ಲಿ ಹೊಸ ಮನೆ ಕಟ್ಟುತ್ತಿದ್ದ ಕಾರಣ ನಮ್ಮಲ್ಲೇ ಆಯಿತು. ಹಸಿರು ರೇಷ್ಮೆ ಸೀರೆ, ಮೊಣಕೈವರೆಗೆ ಹಸಿರು ಬಳೆ, ತಲೆಯಲ್ಲಿ ಅಬ್ಬಲಿಗೆ. ಗೋಡೆಗೆ ಒರಗಿ ಕುಳಿತಿದ್ದಾಗ ಮಗ ತುಷಾರ್ ಒಂದು ಫೋಟೋ ತೆಗೆದ. ಅವಳು ಎಲ್ಲಿಯೂ ನೋಡದೆ ತನ್ನಷ್ಟಕ್ಕೆ ನಗುತ್ತಿದ್ದ ಫೋಟೋ ಅದು. ದೊಡ್ಡದು ಮಾಡಿಸಿ ಅವಳ ಅತ್ತೆಮನೆಗೆ ಕಳಿಸೋಣ ಎಂದು ನಾನು ಶಫೀಕನಿಗೆ ಕೊಟ್ಟೆ.

ಶಮೀಮಾ ಆಗ ಎರಡನೇ ಹೆರಿಗೆಗೆಂದು ಪೆರ್ಲಕ್ಕೆ ಹೋಗಿದ್ದಳು. ಅವಳು ಬರುವವರೆಗೆ ಪ್ರಿಂಟರ್ ರಿಪೇರಿಯಲ್ಲಿದೆ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದನಂತೆ. ನನಗೆ ಹಾಗೆ ಹೇಳಲು ಬಾಯಿ ಬರಲಿಲ್ಲ, ಟೀಚರ್ ಅಲ್ಲವೇ. ಆ ಸಂಜೆ ಫೋನು ಮಾಡಿದ.

"ಟೀಚರ್, ನಿಮ್ಮ ಗೋಡೆಗೆ ಎಂತ ಬಳಿದದ್ದು? ಪೈಂಟಾ, ಸುಣ್ಣವಾ?"

"ಸುಣ್ಣ ಮಾರಾಯ. ಎಂತಕ್ಕೆ?"

"ಎಂತ ಇಲ್ಲ," ಎಂದು ಇಟ್ಟುಬಿಟ್ಟ.

ಎರಡು ದಿನ ಬಿಟ್ಟು ಫೋಟೋ ಬಂತು. ಮಗಳ ಮುಖ ಬಿಸಿಲಲ್ಲಿ ನಿಲ್ಲಿಸಿದ ಹಾಗೆ ಕೆಂಪಗೆ ಊದಿಕೊಂಡಂತಿತ್ತು, ಅಷ್ಟು ಚಂದದ ಹಸಿರು ಸೀರೆಗೆ ಬೂದಿ ಹಿಡಿದಿತ್ತು. ಪೂಜಾಶ್ರೀ ಒಮ್ಮೆ ನೋಡಿ ಅದನ್ನು ಮೇಜಿನ ಮೇಲೆ ಕವುಚಿ ಇಟ್ಟಳು. ಬಸುರಿ ಹುಡುಗಿ ಬೇಸರ ಮಾಡಿಕೊಂಡದ್ದು ನೋಡಿ ನನ್ನ ಪಿತ್ತ ನೆತ್ತಿಗೇರಿತು. ಹೆಸರು ಬಂದ ಮೇಲೆ ಕೆಲಸದಲ್ಲಿ ಅಸಡ್ಡೆ ಶುರುವಾಗಿದೆ ಎಂದು ಲೆಕ್ಕ ಹಾಕಿ, ಕೊಡೆ ಹಿಡಿದುಕೊಂಡು ಪೆರ್ಮುದೆ ರಸ್ತೆಯಲ್ಲಿ ಅವನ ಮನೆಗೆ ನಡೆದೆ.

ಮರಿಯುಮ್ಮ ನೀರು ಬೆಲ್ಲ ತರಲು ಒಳಗೆ ಹೋದದ್ದೇ, ನಾನು ಶುರು ಮಾಡಿದೆ. ಹತ್ತು ನಿಮಿಷ ಬಿಡಲಿಲ್ಲ. ಕೊನೆಗೆ, ಕುರುಡನಿಗೆ ಕೊಟ್ಟಿದ್ದರೂ ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದ ಎಂದೆ. ಶಫೀಕ್ ಐದನೇ ಕ್ಲಾಸಿನಲ್ಲಿ ನಿಂತ ಹಾಗೆಯೇ ಕೈಕಟ್ಟಿ ನಿಂತಿದ್ದ. ಆಮೇಲೆ ಕಪಾಟಿನಿಂದ ಒಂದು ಬಿಸ್ಕತ್ತಿನ ಡಬ್ಬ ತೆಗೆದು, ಅದರೊಳಗಿನ ಹಸಿರು ರೇಷ್ಮೆಯ ತುಂಡನ್ನು ನನ್ನ ಮುಂದಿಟ್ಟ. ಮಗಳ ರವಿಕೆ ಹೊಲಿದು ಶಮೀಮಾ ಎತ್ತಿಟ್ಟ ತುಂಡು ಅದು.

"ನಿಮ್ಮ ಸೀರೆಯ ಬಣ್ಣ ಇಲ್ಲೇ ಉಂಟು, ಟೀಚರ್. ಇದನ್ನು ಫೋಟೋದ ಹತ್ರ ಇಟ್ಟು ನೋಡಿದ್ರೆ ನನಗೆ ಎಂತದೂ ಗೊತ್ತಾಗುದಿಲ್ಲ. ನನಗೆ ಹಸಿರು ಕಾಣುದಿಲ್ಲ. ಕೆಂಪೂ ಇಲ್ಲ. ಅದಕ್ಕೆ ಗೋಡೆಯನ್ನು ಕೇಳಿದ್ದು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಫೋಟೋದಲ್ಲಿ ಟೊಪ್ಪಿ ಇಲ್ಲ, ಮುಂಡು ಇಲ್ಲ, ತಟ್ಟೆ ಇಲ್ಲ. ಬಿಳಿ ಎಂದು ಅವನಿಗೆ ಸಿಕ್ಕಿದ್ದು ಹಿಂದಿನ ಗೋಡೆ ಒಂದೇ. ಅನುಮಾನ ಬಂದು ನನ್ನನ್ನೇ ಕೇಳಿದ, ನಾನು ಸುಣ್ಣ ಎಂದೆ. ಸುಣ್ಣ ಎಂದರೆ ಯಾರಿಗಾದರೂ ಬಿಳಿಯೇ. ಆದರೆ ಸೀಮಂತಕ್ಕೆ ಮೊದಲು ಕೆಲಸದ ಬಟ್ಯ ಸುಣ್ಣ ಬಳಿಯುವಾಗ, ಬರೀ ಬಿಳಿ ಆಸ್ಪತ್ರೆಯ ಹಾಗೆ ಕಾಣುತ್ತದೆ ಎಂದು ನನ್ನ ಯಜಮಾನರು ಪುರಂದರ ಆ ಸುಣ್ಣಕ್ಕೆ ಒಂದಿಷ್ಟು ಹಸಿರು ಪುಡಿ ಕಲಸಿಸಿದ್ದರು. ತೆಳು ಹಸಿರು, ದಿನಾ ನೋಡಿ ನೋಡಿ ನನಗೇ ಮರೆತುಹೋಗಿತ್ತು. ಅವನು ಆ ತೆಳು ಹಸಿರನ್ನು ಬಿಳಿ ಮಾಡಲು ಹೊರಟಾಗ ಫೋಟೋದಲ್ಲಿದ್ದ ಹಸಿರೆಲ್ಲ ಸೋರಿ ಹೋಗಿ ಮುಖಕ್ಕೆ ಕೆಂಪು ಏರಿತ್ತು. ತಪ್ಪು ಅವನದಲ್ಲ, ನನ್ನ ಉತ್ತರದ್ದು.

ಅಷ್ಟು ಹೊತ್ತಿಗೆ ಕಂದು ಗಿಳಿ ನೆನಪಾಯಿತು. ನಲವತ್ತು ಮಕ್ಕಳ ಮುಂದೆ ನಾನು ಎತ್ತಿ ಹಿಡಿದ ಪುಸ್ತಕ, ಕಾಗೆ ಎಂದು ಕೂಗಿದ ಸದ್ದು. ನನಗೆ ಅಳು ಬಂತು; ಬಂದದ್ದನ್ನು ಮುಚ್ಚಿಡಲೂ ಆಗಲಿಲ್ಲ. ನೀರು ತಂದ ಮರಿಯುಮ್ಮ ಗಾಬರಿಯಾಗಿ ಮಗನನ್ನು ಬೈದರು, ಟೀಚರಿಗೆ ಎದುರು ಮಾತಾಡಿದೆಯಾ ಎಂದು.

ಅವನು ಕೇಳಿಕೊಂಡದ್ದು ಒಂದೇ. "ಪೇಟೆಯಲ್ಲಿ ಹೇಳ್ಬೇಡಿ, ಟೀಚರ್. ಕಲರ್ ಶಫೀಕನಿಗೆ ಕಲರೇ ಗೊತ್ತಿಲ್ಲ ಅಂತ ಆದ್ರೆ ಮತ್ತೆ ಯಾರು ಬರ್ತಾರೆ?"

ಹೇಳುವುದಿಲ್ಲ ಎಂದೆ. ಆಮೇಲೆ ಕೊಡೆಯನ್ನು ಮೂಲೆಗಿಟ್ಟು, ಪಟ್ಟಿ ತೆಗೆ, ನಾನು ನೋಡುತ್ತೇನೆ ಎಂದು ಬಾಗಿಲ ಹತ್ತಿರ ಕುಳಿತೆ. ಗೋಡೆಯಲ್ಲಿ ಹಸಿರು ಸ್ವಲ್ಪ ಉಳಿಸು ಎಂದೆ. ನಾಲ್ಕು ಪಟ್ಟಿಗಳು ತಪ್ಪಿದವು, ಐದನೆಯದರ ಮೇಲೆ ರೇಷ್ಮೆಯ ತುಂಡು ಇಟ್ಟಾಗ ಎಲ್ಲಿ ಬಟ್ಟೆ ಮುಗಿಯಿತು, ಎಲ್ಲಿ ಕಾಗದ ಶುರುವಾಯಿತು ಎಂದು ತಿಳಿಯಲಿಲ್ಲ. ಆ ಫೋಟೋ ಈಗಲೂ ಮಗಳ ಅತ್ತೆಮನೆಯ ಚಾವಡಿಯಲ್ಲಿ ಉಂಟು.

ಶಮೀಮಾ ಬರುವವರೆಗೆ ಮೂರು ತಿಂಗಳು, ಶಾಲೆ ಬಿಟ್ಟ ಮೇಲೆ ಬೆಳಕಿರುವಷ್ಟು ಹೊತ್ತು ನಾನು ಅಲ್ಲಿ ಕುಳಿತೆ. ಮೈಲಾಂಜಿಯ ಫೋಟೋ ಕೊಟ್ಟವರಿಗೆ ಟೀಚರ್ ನೋಡಿದರೆ ಬೇಸರವಿರಲಿಲ್ಲ. ಕೆಲಸ ಸುಲಭದ್ದಲ್ಲ. ಹಸಿರು ಎಂದು ಹೇಳಿದರೆ ಸಾಲದು. ಹಳದಿಗೆ ವಾಲಿದ ಹಸಿರೋ, ನೀಲಿಗೆ ವಾಲಿದ್ದೋ, ಯಾವ ನಂಬರಿನ ನೂಲಿಗಿಂತ ಎಷ್ಟು ಕಪ್ಪು ಎಂದು ಅವನು ಅಡ್ಡ ಪ್ರಶ್ನೆ ಹಾಕುತ್ತಿದ್ದ. ಸುಮಾರಾಗಿ ಸರಿ ಎಂದರೆ ಒಪ್ಪುತ್ತಿರಲಿಲ್ಲ. ನನ್ನ ಕ್ಲಾಸಿನಲ್ಲಿ ನಾನೂ ಹಾಗೆಯೇ, ಆದ್ದರಿಂದ ಬಾಯಿ ಮುಚ್ಚಿಕೊಂಡು ಮತ್ತೆ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ ಐವತ್ತು ವರ್ಷ ಕಣ್ಣು ಬಿಟ್ಟುಕೊಂಡು ನೋಡದ ಬಣ್ಣಗಳನ್ನು ನಾನು ಆ ಬಾಗಿಲಲ್ಲಿ ನೋಡಿದೆ.

ಶಮೀಮಾ ಮಗುವಿನೊಂದಿಗೆ ಬಂದ ದಿನ ಶಫೀಕ್ ನನಗೆ ಒಂದು ಲಕೋಟೆ ಕೊಟ್ಟ. ಒಳಗೆ ಪೇರಳೆ ಮರದಲ್ಲಿ ಕುಳಿತ ಒಂದು ಗಿಳಿಯ ಫೋಟೋ. ಅವನೇ ತೆಗೆದದ್ದು. ಹಸಿರು ಎಂದರೆ ಅಂಥ ಹಸಿರು, ಎಲೆಯದ್ದು ಬೇರೆ, ಗಿಳಿಯದ್ದು ಬೇರೆ. ಯಾರು ನೋಡಿ ಹೇಳಿದ್ದು ಎಂದು ಕೇಳಿದೆ. ನೀವೇ ಎಂದ. ಹಿಂದಿನ ವಾರ ನಾನೇ ಒಂದು ಹಸಿರು ಪಟ್ಟಿಯನ್ನು ಆರು ಸಲ ತಿದ್ದಿಸಿದ್ದೆ, ಯಾರದೋ ಸೀರೆ ಎಂದುಕೊಂಡು. ಅದು ಇದೇ. ನಾನು ಬ್ಯಾಗಿನಿಂದ ಪೆನ್ನು ತೆಗೆದು ಫೋಟೋದ ಹಿಂದೆ ದೊಡ್ಡದಾಗಿ ಸರಿ ಗುರುತು ಹಾಕಿ, ಸಹಿ ಮಾಡಿ ಕೊಟ್ಟೆ. ಅವನು ಅದನ್ನು ಹಗಲ ಬೆಳಕಿಗೆ ಹಿಡಿದು, ಕೆಂಪು ಪೆನ್ನಾ ಟೀಚರ್ ಎಂದು ಕೇಳಿದ. ಕೆಂಪೇ ಎಂದೆ. ಅವನು ಅದನ್ನು ತಾನೇ ಇಟ್ಟುಕೊಂಡ.

ನಾನು ಮಾತು ಉಳಿಸಿಕೊಂಡೆ, ನಾಲ್ಕು ವರ್ಷ. 2015ರಲ್ಲಿ ಶಾಲೆಯ ಪಿಟಿಎ ಸಭೆಯಲ್ಲಿ, ಬಣ್ಣ ಗುರುತಿಸಲಾಗದ ಮಕ್ಕಳ ಬಗ್ಗೆ ನಾನು ಶಫೀಕನಿಗೆ ಮೊದಲೇ ತಿಳಿಸಿ, ಯಾರ ಹೆಸರೂ ಎತ್ತದೆ ಮಾತಾಡಿದೆ. ಚಿತ್ರಕ್ಕೆ ತಪ್ಪು ಬಣ್ಣ ಹಾಕಿದ ಮಗುವನ್ನು ಗದರಿಸುವ ಮೊದಲು ಒಮ್ಮೆ ವಿಚಾರಿಸಬೇಕು ಎಂದೆ. ಹಿಂದಿನ ಸಾಲಿನಲ್ಲಿ ಮಕ್ಕಳ ತಂದೆಯಾಗಿ ಕುಳಿತಿದ್ದ ಶಫೀಕ್ ಎದ್ದು ನಿಂತ. ಆ ಗಿಳಿಯ ಫೋಟೋ ಅವನ ಕೈಯಲ್ಲಿತ್ತು. ಸಭೆಗೆ ಬರುವಾಗಲೇ ತೀರ್ಮಾನ ಮಾಡಿ ಬಂದಿದ್ದ ಎಂದಾಯಿತು.

"ಇದು ನನ್ನ ಎರಡನೇ ಗಿಳಿ," ಎಂದ. "ಮೊದಲನೇದು ಇದೇ ಶಾಲೆಯಲ್ಲಿ, ಕಂದು ಬಣ್ಣದ್ದು. ನನಗೆ ಕೆಂಪೂ ಹಸಿರೂ ಕಾಣುದಿಲ್ಲ."

ಮೊದಲನೆಯದಕ್ಕೆ ಗೀಟು ಎಳೆದವಳು ನಾನೇ ಎಂದು ನಾನು ಮೈಕಿನಲ್ಲೇ ಹೇಳಿದೆ. ಸಭೆ ಬೇಗ ಮುಗಿಯಿತು, ಜನ ಗುಸುಗುಸು ಮಾತಾಡುತ್ತ ಹೊರಟರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಒಂಬತ್ತು ವರ್ಷ ಕಟ್ಟಿದ ಹೆಸರನ್ನು ಅವನು ಒಂದು ಮಾತಿನಲ್ಲಿ ಕೆಳಗಿಟ್ಟಿದ್ದ, ಆ ಮಾತಿಗೆ ದಾರಿ ಮಾಡಿಕೊಟ್ಟವಳು ನಾನು. ಬೆಳಿಗ್ಗೆ ಶನಿವಾರ, ಚಹಾ ಕುಡಿದದ್ದೇ ಪೆರ್ಮುದೆ ರಸ್ತೆ ಹಿಡಿದೆ. ಅಂಗಳಕ್ಕೆ ಕಾಲಿಡುವಾಗ ಮೆಟ್ಟಿಲ ಬಳಿ ಆರೇಳು ಜೊತೆ ಚಪ್ಪಲಿ ಕಂಡವು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ಬೇಗಬೇಗ ಮೆಟ್ಟಿಲು ಹತ್ತಿದೆ.

ಒಳಗೆ ಜಗಳವೇ ನಡೆಯುತ್ತಿತ್ತು. ಫೋಟೋ ಕೊಡಲು ಬಂದ ಹೆಂಗಸರೆಲ್ಲ ಬಾಗಿಲ ಬೆಳಕಿನಲ್ಲಿ ಒಂದು ಪಟ್ಟಿಯನ್ನು ಸುತ್ತುವರಿದು ನಿಂತಿದ್ದರು. ಶಫೀಕನಿಗೆ ಕಾಣುವುದಿಲ್ಲವಲ್ಲ, ನಾವು ಹೇಳುತ್ತೇವೆ ಎಂದು ಅವರ ಹಟ. ಒಬ್ಬಳು ಅದು ಗಿಳಿ ಹಸಿರು ಎಂದಳು, ಇನ್ನೊಬ್ಬಳು ವೀಳ್ಯದೆಲೆಯ ಹಸಿರು ಎಂದಳು. ಮೂರನೆಯವಳಿಗೆ ಅದು ಹಸಿರೇ ಅಲ್ಲ, ನೀಲಿ. ಶಮೀಮಾ ಕೈಯಲ್ಲಿ ನೂಲಿನ ಉಂಡೆ ಹಿಡಿದು ಯಾರನ್ನು ಸುಮ್ಮನಿರಿಸುವುದೆಂದು ತಿಳಿಯದೆ ನಗುತ್ತಿದ್ದಳು. ಮರಿಯುಮ್ಮ ಎಲ್ಲರಿಗಿಂತ ದೊಡ್ಡ ಸ್ವರದಲ್ಲಿ, ಅದು ಕಾಯಿ ಮೆಣಸಿನ ಬಣ್ಣ ಎಂದು ತೀರ್ಪು ಕೊಟ್ಟರು.

ಕಂಪ್ಯೂಟರಿನ ಮುಂದೆ ಕುಳಿತಿದ್ದ ಶಫೀಕ್ ನನ್ನನ್ನು ನೋಡಿ ಕುರ್ಚಿ ತಿರುಗಿಸಿದ.

"ನೋಡಿ ಟೀಚರ್," ಎಂದ, "ಕಣ್ಣು ಸರಿ ಇದ್ದ ನಿಮ್ಮೆಲ್ಲರ ಕಥೆ ಇದಾ?"